ಒಗ್ಗರಣೆ ಹಾಕದ ಚಟ್ನಿ

ಪಾವಗಡ
11 ಜುಲೈ 2024

ಬೀಗಿತ್ತಿ ವೇದಾವತಿಯವರಿಗೆ ಬೊಮ್ಮಕ್ಕ ಬರೆಯುವುದು.

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆಯೋಣವೆಂದರೆ ಕೈ ಮುಂದಕ್ಕೆ ಹೋಗುತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮದು ಒಂದೇ ಹಜಾರದ ಮನೆ, ನನಗೆ ಕಿವಿ ಮಂದ. ನಾನು ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆ, ನಿಮ್ಮ ಮಗಳಿಗೂ ಕೇಳುತ್ತದೆ. ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇಂಥದ್ದಕ್ಕಾದರೂ ಬರಲಿ.

ಕೇಳಬೇಕಾದದ್ದು ಒಂದೇ. ಕಂಡಕ್ಟರ್ ಹಾಲೇಶನ ಕೈಯಲ್ಲಿ ನೀವು ವಾರವಾರ ಕಳಿಸುವ ಚೀಲದಲ್ಲಿ ಏನಿರುತ್ತದೆ? ಜ್ಯೋತಿ ತಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ತರುತ್ತಾಳೆ. ನನ್ನ ಮುಂದೆ ಬಿಚ್ಚುವುದಿಲ್ಲ. ಹೋದ ವಾರ ರಾಗಿ ಡ್ರಮ್ಮಿಗೆ ಕೈ ಹಾಕಿದರೆ ಪೇಪರಿನಲ್ಲಿ ಸುತ್ತಿದ ಮೂರು ಕಾಯಿ ಸಿಕ್ಕವು. ಕೇಳಿದೆ.

"ಬೆಣ್ಣೆಹಣ್ಣು ಅತ್ತೆ, ಮಾಗಕ್ಕೆ ಇಟ್ಟಿದೀನಿ" ಅಂದಳು.

"ಮಾಗಕ್ಕೆ ಮರದ ಮ್ಯಾಲೆ ಜಾಗ ಇರ್ಲಿಲ್ವಾ?"

"ಮರದ ಮ್ಯಾಲೆ ಅದು ಮಾಗಲ್ಲ ಅತ್ತೆ."

ಮರದ ಮೇಲೆ ಮಾಗದ ಹಣ್ಣನ್ನು ನಾನು ಅರವತ್ತು ವರ್ಷದಲ್ಲಿ ಕಂಡಿಲ್ಲ.

ಹನ್ನೊಂದು ಗಂಟೆಗೆ ನಾನು ಹುಲ್ಲು ತರಲು ಹೊರಟ ಮೇಲೆ ಅದನ್ನು ಒರಳಿಗೆ ಹಾಕುತ್ತಾಳೆ. ಬಂದು ನೋಡಿದರೆ ಒರಳು ತೊಳೆದಿರುತ್ತದೆ, ಬಟ್ಟಲು ತೊಳೆದಿರುತ್ತದೆ. ಒಂದು ದಿನ ಮಾತ್ರ ಒರಳಿನ ಅಂಚಿನಲ್ಲಿ ಒಂದು ಬೆರಳಷ್ಟು ಉಳಿದಿತ್ತು. ಆಗ ಹಸಿರಾಗಿತ್ತು. ಮೂರು ಗಂಟೆಗೆ ನೋಡಿದರೆ ಕಪ್ಪು. ಪಕ್ಕದ ಮನೆ ನರಸಮ್ಮ ಅದನ್ನು ನೋಡಿ, "ತಪ್ಪು ತಿಳ್ಕಬ್ಯಾಡ ಕಣಕ್ಕ. ಅರೆದಾಗ ಹಸ್ರು, ಆಮ್ಯಾಕೆ ಕಪ್ಪು. ಅಂಥದ್ದು ಏನು ಅಂತ ನಾನು ಬಾಯಿ ಬಿಟ್ಟು ಹೇಳ್ಬೇಕಾ?" ಅಂದಳು. ಅವಳ ಬಾಯಿ ಮುಚ್ಚಿಸಿದೆ.

ನಮ್ಮ ಯಜಮಾನರು ಯುಗಾದಿಯಿಂದ ಇಳಿದು ಹೋಗುತ್ತಿದ್ದಾರೆ. ಅವರು ಊಟ ಮಾಡುವುದು ಹಿತ್ತಲಲ್ಲಿ, ಹಸುವಿನ ಪಕ್ಕದ ಕಟ್ಟೆಯ ಮೇಲೆ, ನಾನು ಮದುವೆಯಾಗಿ ಬಂದಾಗಿನಿಂದ ಅಲ್ಲೇ. ಎರಡು ಮುದ್ದೆ ಇಟ್ಟು ಬಂದರೆ ತಟ್ಟೆ ಬರಿದಾಗಿ ಒಳಗೆ ಬರುತ್ತದೆ. ಆದರೂ ಅಂಗಿ ಜೋಲುತ್ತಿದೆ. ಹಸು ಮಾತ್ರ ಈ ವರ್ಷ ದುಂಡಗಾಗಿದೆ, ನೋಡಿದವರು ಕಣ್ಣು ಹಾಕುವಷ್ಟು.

ನಾನು ಏನೂ ಹೇಳುತ್ತಿಲ್ಲ. ಕೇಳುತ್ತಿದ್ದೇನೆ. ಉತ್ತರ ಅಂಚೆಯಲ್ಲೇ ಬರಲಿ, ಅಂಚೆಯವನು ನನ್ನ ಕೈಗೇ ಕೊಡುತ್ತಾನೆ.

ಬೊಮ್ಮಕ್ಕ

*

ತೋವಿನಕೆರೆ
16 ಜುಲೈ 2024

ಬೊಮ್ಮಕ್ಕನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಎರಡು ಸಲ ಓದಿದೆ. ಕೇಳಿದ್ದಕ್ಕಿಂತ ಕೇಳದೆ ಬಿಟ್ಟದ್ದೇ ಅದರಲ್ಲಿ ಹೆಚ್ಚಿದ್ದಂತೆ ಕಂಡಿತು. ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ.

ನಮ್ಮ ತೆಂಗಿನ ತೋಟದ ನಡುವೆ ಇವರು ಹತ್ತು ವರ್ಷದ ಹಿಂದೆ ನಾಲ್ಕು ಬೆಣ್ಣೆಹಣ್ಣಿನ ಸಸಿ ನೆಟ್ಟಿದ್ದರು. ಊರಿನಲ್ಲಿ ಯಾರೂ ತಿನ್ನುವುದಿಲ್ಲ, ತುಮಕೂರಿನ ಜ್ಯೂಸ್ ಅಂಗಡಿಯವರು ಬಂದು ಕೊಯ್ದುಕೊಂಡು ಹೋಗುತ್ತಾರೆ. ಅದು ನಿಜವಾಗಿಯೂ ಮರದ ಮೇಲೆ ಮಾಗುವುದಿಲ್ಲ. ಕಿತ್ತು, ಸುತ್ತಿ, ಕಾಳಿನಲ್ಲಿ ಹೂತಿಟ್ಟರೆ ಐದಾರು ದಿನಕ್ಕೆ ಮೆತ್ತಗಾಗುತ್ತದೆ. ತೊಟ್ಟಿನ ಹತ್ತಿರ ಹೆಬ್ಬೆರಳಿಟ್ಟು ಒತ್ತಿದರೆ ತಿಳಿಯುತ್ತದೆ.

ಜ್ಯೋತಿ ಮಾಡುವುದರ ಹೆಸರು ಗ್ವಾಕಮೋಲೆ. ಪರದೇಶದ ಚಟ್ನಿ. ತುಮಕೂರಿನಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನ ಗೆಳತಿಯರಿಂದ ಕಲಿತಳು. ಹಣ್ಣನ್ನು ಉದ್ದಕ್ಕೆ ಸುತ್ತ ಕೊಯ್ದು, ಎರಡು ಕೈಯಲ್ಲಿ ತಿರುಚಿದರೆ ಬೀಜ ಒಂದು ಹೋಳಿನಲ್ಲಿ ಉಳಿಯುತ್ತದೆ. ತಿರುಳನ್ನು ಚಮಚದಿಂದ ತೆಗೆದು, ಉಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ, ನಿಂಬೆರಸ ಹಾಕಿ ಒರಳಿನಲ್ಲಿ ಅರ್ಧಂಬರ್ಧ ಜಜ್ಜಬೇಕು, ನುಣ್ಣಗೆ ಮಾಡಬಾರದು. ಮಾಡಿದ ಕೂಡಲೇ ತಿನ್ನಬೇಕು. ಗಾಳಿ ತಾಗಿದರೆ ಕಪ್ಪಾಗುತ್ತದೆ. ಕೊಯ್ದಿಟ್ಟ ಬದನೆಕಾಯಿಯೂ ಕಪ್ಪಾಗುತ್ತದೆ, ಅದರ ಬಗ್ಗೆ ನರಸಮ್ಮನವರು ಏನೂ ಹೇಳುವುದಿಲ್ಲವೆಂದು ಕಾಣುತ್ತದೆ.

ಒಂದು ಮಾತು ನಾನೂ ಕೇಳಲೇ? ಅತ್ತೆ ಹೊರಗೆ ಹೋದ ಮೇಲೆ ಏನನ್ನಾದರೂ ಮಾಡಿ ತಿಂದು, ಅವಳು ಬರುವಷ್ಟರಲ್ಲಿ ಬಟ್ಟಲು ತೊಳೆದಿಡುವ ಸೊಸೆಯರನ್ನು ನಾನು ಕಂಡಿದ್ದೇನೆ. ಹಸಿದವರು ಹಾಗೆ ಮಾಡುತ್ತಾರೆ. ನನ್ನ ಮಗಳು ನಿಮ್ಮಲ್ಲಿ ಹೊಟ್ಟೆ ತುಂಬ ಉಣ್ಣುತ್ತಾಳೆಯೇ?

ವೇದಾವತಿ

*

ಪಾವಗಡ
22 ಜುಲೈ 2024

ವೇದಾವತಿಯವರಿಗೆ,

ನಮ್ಮ ಮನೆಯಲ್ಲಿ ಅನ್ನದ ಪಾತ್ರೆಗೆ ಮುಚ್ಚಳ ಇದೆ, ಬೀಗ ಇಲ್ಲ. ಅದು ಅಲ್ಲಿಗೆ ಇರಲಿ.

ನೀವು ಬರೆದ ಹಾಗೇ ಮಾಡಿ ನೋಡಿದೆ. ಜ್ಯೋತಿ ಬ್ಯಾಂಕಿಗೆ ಹೋಗಿದ್ದ ಹೊತ್ತಿನಲ್ಲಿ ಡ್ರಮ್ಮಿನಿಂದ ಒಂದು ಹಣ್ಣು ತೆಗೆದು, ಕೊಯ್ದು, ಜಜ್ಜಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು, ಒಲೆಯ ಮೇಲೆ ಎರಡು ಕುದಿ ಬರಿಸಿದೆ. ಬಾಯಿಗಿಟ್ಟರೆ ಕಹಿ. ಹಾಗಲಕಾಯಿಯ ಕಹಿ ಅಲ್ಲ, ಔಷಧಿಯ ಕಹಿ. ಸಂಜೆವರೆಗೂ ನಾಲಿಗೆಯಿಂದ ಹೋಗಲಿಲ್ಲ. ತಿನ್ನುವ ಪದಾರ್ಥ ಅಷ್ಟು ಕಹಿಯಾಗಿರುತ್ತದೆ ಅಂತ ನೀವು ಬರೆದಿರಲಿಲ್ಲ.

ಅಡುಗೆಮನೆ ಕಿಟಕಿಯಲ್ಲಿ ಗಾಜಿನ ಲೋಟ ಇಟ್ಟಿದ್ದಾಳೆ. ಅದರಲ್ಲಿ ನೀರು. ನೀರಿನ ಮೇಲೆ ಆ ಹಣ್ಣಿನ ಬೀಜ. ಬೀಜಕ್ಕೆ ಮೂರು ಕಡೆಯಿಂದ ಪೊರಕೆ ಕಡ್ಡಿ ಚುಚ್ಚಿದೆ. ನಿಂಬೆಹಣ್ಣಿಗೆ ಸೂಜಿ ಚುಚ್ಚಿ ಬಾಗಿಲಲ್ಲಿ ಇಟ್ಟು ಹೋಗುವವರನ್ನು ನಾನು ನೋಡಿದವಳು. ಆ ಬೀಜವನ್ನು ತಿಪ್ಪೆಗೆ ಎಸೆದೆ.

ಇನ್ನು ಕಣ್ಣಾರೆ ಕಂಡದ್ದು. ಮೊನ್ನೆ ಹುಲ್ಲಿಗೆ ಅಂತ ಹೊರಟವಳು ಅರ್ಧ ದಾರಿಯಿಂದ ತಿರುಗಿ ಬಂದೆ. ಹಿತ್ತಲಲ್ಲಿ ಹುಲ್ಲಿನ ಮೆದೆಯ ಹಿಂದೆ ಅವಳು, ಇವರು. ಬಟ್ಟಲಿನಿಂದ ಮೊದಲ ಚಮಚ ತಾನು ತಿಂದಳು. ಆಮೇಲೆ ಇವರಿಗೆ ಕೊಟ್ಟಳು. ನಮ್ಮ ಯಜಮಾನರು, ಊರಿನವರು ತಿಪ್ಪಯ್ಯನವರೇ ಅಂತ ಎದ್ದು ನಿಲ್ಲುವ ಮನುಷ್ಯ, ಮಗುವಿನ ಹಾಗೆ ಬಾಯಿ ತೆರೆದರು.

ರಾತ್ರಿ ಕೇಳಿದೆ. "ಏನೋ ರುಚಿ ನೋಡು ಮಾವ ಅಂದ್ಲು, ನೋಡ್ದೆ. ಬುಡು ಅತ್ಲಾಗೆ" ಅಂದರು. ನಲವತ್ತು ವರ್ಷದಲ್ಲಿ ನನ್ನ ಮುಖ ನೋಡದೆ ಅವರು ಮಾತಾಡಿದ್ದು ಇದೇ ಮೊದಲು.

ನರಸಮ್ಮನ ತಂಗಿಯನ್ನು ದೊಡ್ಡೇರಿ ಕಡೆಗೆ ಕೊಟ್ಟಿದ್ದಾರೆ. ಅವಳು ಹೇಳಿ ಕಳಿಸಿದ್ದಾಳೆ: "ಆ ಹುಡುಗಿ ತಾಯಿಯ ಅಜ್ಜಿ ಯಾರು ಅಂತ ಇಚಾರ್ಸಿದ್ರಾ, ಹಂಗೇ ತಂದ್ಕಂಡ್ರಾ?" ನಾವು ವಿಚಾರಿಸಿರಲಿಲ್ಲ. ನೀವೂ ಹೇಳಿರಲಿಲ್ಲ.

ಈಗ ಹೆಸರು ಹಿಡಿದೇ ಬರೆಯುತ್ತೇನೆ. ಅದು ಮದ್ದು. ಅನ್ನದಲ್ಲಿ ಇಕ್ಕುವ ಮದ್ದು. ಸಿರಾದ ಹತ್ತಿರ ಮದ್ದು ಕಕ್ಕಿಸುವ ಒಬ್ಬಾಕೆ ಇದ್ದಾಳೆ. ಭೀಮನ ಅಮಾವಾಸ್ಯೆಯ ದಿನ ಇವರನ್ನು ಕರೆದುಕೊಂಡು ಹೋಗಿ ಕಷಾಯ ಕುಡಿಸುತ್ತೇನೆ. ಬಿದ್ದದ್ದು ಏನು ಅಂತ ನೋಡಿದ ಮೇಲೆ ನಿಮಗೆ ತಿಳಿಸುತ್ತೇನೆ, ನೀವು ಬಂದು ಮಗಳನ್ನು ಕರೆದುಕೊಂಡು ಹೋಗಿ. ಮಗ ತಿಪ್ಪೇರುದ್ರನಿಗೆ ಇನ್ನೂ ಹೇಳಿಲ್ಲ. ಸೋಲಾರ್ ಪಾರ್ಕಿನಲ್ಲಿ ಶಿಫ್ಟು ಮುಗಿಸಿ ಬರುವ ಹುಡುಗನಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ.

ಬೊಮ್ಮಕ್ಕ

*

ತೋವಿನಕೆರೆ
26 ಜುಲೈ 2024

ಬೊಮ್ಮಕ್ಕನವರೇ,

ಮೊದಲು ಕಹಿಯ ವಿಷಯ. ಆ ಹಣ್ಣಿಗೆ ಬೆಂಕಿ ತೋರಿಸಬಾರದು. ಕುದಿಸಿದರೆ ಕಹಿಯಾಗುತ್ತದೆ, ಅದರ ಗುಣ ಅದು. ಚಟ್ನಿ ಎಂದ ಮೇಲೆ ನೀವು ಒಗ್ಗರಣೆ ಹಾಕುತ್ತೀರೆಂದು ನನಗೆ ಹೊಳೆಯಬೇಕಿತ್ತು. ಬರೆಯಲಿಲ್ಲ, ನನ್ನ ತಪ್ಪು. ಬೀಜಕ್ಕೆ ಕಡ್ಡಿ ಚುಚ್ಚುವುದು ಅದು ನೀರಿನಲ್ಲಿ ಪೂರ್ತಿ ಮುಳುಗದಿರಲಿ ಎಂದು. ಬುಡ ಮಾತ್ರ ನೆನೆದರೆ ಬೇರು ಬಿಡುತ್ತದೆ. ನಿಮ್ಮ ಹಿತ್ತಲಲ್ಲಿ ಒಂದು ಗಿಡವಾಗಲಿ ಎಂದು ಆಸೆ ಪಟ್ಟಿದ್ದಾಳೆ, ಅಷ್ಟೇ.

ಇನ್ನು ದೊಡ್ಡೇರಿಯ ಮಾತು. ನನ್ನ ಅಜ್ಜಿ ಚನ್ನಮಲ್ಲಮ್ಮ. ಅವಳ ಗಂಡ, ಮೈದುನ ಇಬ್ಬರೂ ಒಂದೇ ವರ್ಷ ತೀರಿಕೊಂಡರು. ಆಮೇಲೆ ಊರಿನಲ್ಲಿ ಅವಳ ಮನೆಯ ನೀರನ್ನು ಯಾರೂ ಕುಡಿಯಲಿಲ್ಲ. ಜಗಲಿಯವರೆಗೆ ಬಂದವರು ಬಾಯಾರಿದ್ದರೂ ಬೇಡ ಅನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅವಳು ನನಗೂ ಏನನ್ನೇ ಕೊಟ್ಟರೂ ಮೊದಲ ತುತ್ತನ್ನು ತಾನು ತಿಂದು ತೋರಿಸಿ ಕೊಡುತ್ತಿದ್ದಳು. ಸ್ವಂತ ಮೊಮ್ಮಗಳಿಗೆ. ಅಮ್ಮ ಅದನ್ನೇ ಕಲಿತಳು, ನಾನೂ ಕಲಿತೆ. ಯಾಕೆಂದು ಹೇಳದೆಯೇ ಜ್ಯೋತಿಗೂ ಕಲಿಸಿದೆ. ನೀವು ಮೆದೆಯ ಹಿಂದೆ ಕಂಡದ್ದು ಅದನ್ನು. ಯಾರೂ ಅನುಮಾನಿಸದಿರಲಿ ಎಂದು ಮಾಡುವುದೇ ನಿಮ್ಮ ಅನುಮಾನಕ್ಕೆ ಸಾಕ್ಷಿಯಾಯಿತು.

ಮದುವೆಗೆ ಮುಂಚೆ ಹೇಳಲಿಲ್ಲ, ನಿಜ. ಹೇಳಿದ್ದರೆ ನೀವು ಬರುತ್ತಿರಲಿಲ್ಲ.

ಈಗ ನಾನು ನಿಮ್ಮಿಂದ ಮುಚ್ಚಿಟ್ಟ ಇನ್ನೊಂದು ಸಂಗತಿ. ಮೇ ತಿಂಗಳಲ್ಲಿ ಜ್ಯೋತಿ ಫೋನ್ ಮಾಡಿ, "ಅಮ್ಮ, ಮೆಣಸಿನಕಾಯಿ, ಈರುಳ್ಳಿ ಇಲ್ದೆ ಮಾಡಿದ್ರೆ ಆಗುತ್ತಾ? ಮಜ್ಜಿಗೆ ಸೇರಿಸಿ ತೆಳ್ಳಗೆ ಮಾಡಬಹುದಾ? ಅತ್ತೆಗೆ ಹೇಳಬೇಡ" ಎಂದಳು. ಹಸಿಮೆಣಸಿನಕಾಯಿಯನ್ನು ಮುದ್ದೆಯ ಜೊತೆ ಕಚ್ಚಿ ತಿನ್ನುವ ಹುಡುಗಿ. ಬಸುರಿಯಿರಬೇಕು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ, ಮೂರು ತಿಂಗಳು ತುಂಬಲಿ ಎಂದು ಮುಚ್ಚಿಟ್ಟಿದ್ದಾಳೆ ಎಂದು ನಾನು ಲೆಕ್ಕ ಹಾಕಿದೆ. ನಿಮ್ಮ ಮನೆಯಲ್ಲಿ ಅವಳ ಬಾಯಿಗೆ ಹಿಡಿಸುವಂಥದ್ದನ್ನು ಯಾರೂ ಮಾಡಿಕೊಡುತ್ತಿಲ್ಲ ಎಂದೂ ಅಂದುಕೊಂಡೆ. ನಿಮ್ಮ ಕಾಗದ ಬಂದ ಮೇಲೆ ನೇರ ಕೇಳಿದೆ. "ಅದು ನನಗಲ್ಲಮ್ಮ" ಎಂದಳು. ಮತ್ತೆ ಯಾರಿಗೆ ಎಂದರೆ ಫೋನ್ ಇಟ್ಟಳು.

ಖಾರ ಬೇಡ, ಈರುಳ್ಳಿ ಬೇಡ, ತೆಳ್ಳಗಿರಬೇಕು, ಜಾರಿಕೊಂಡು ಒಳಗೆ ಹೋಗಬೇಕು. ಇದು ಯಾರ ಊಟ ಬೊಮ್ಮಕ್ಕನವರೇ? ನಿಮ್ಮ ಯಜಮಾನರು ಮುದ್ದೆ ನುಂಗುವುದನ್ನು ನೀವು ಕಣ್ಣಿಂದ ನೋಡಿ ಎಷ್ಟು ದಿನವಾಯಿತು?

ವೇದಾವತಿ

*

ಪಾವಗಡ
30 ಜುಲೈ 2024

ನನ್ನ ಗಂಡನ ಊಟದ ವಿಷಯ ತೋವಿನಕೆರೆಯಿಂದ ತಿಳಿಯಬೇಕಾದ ಗತಿ ನನಗೆ ಬಂದಿಲ್ಲ. ಬಡಿಸಿ ಒಳಗೆ ಹೋಗುವುದು ನಮ್ಮ ಮನೆಯ ರೂಢಿ. ಉಣ್ಣುವವರ ಬಾಯಿ ನೋಡುತ್ತಾ ನಿಲ್ಲುವುದಿಲ್ಲ. ತಟ್ಟೆ ಬರಿದಾಗಿ ಬರುತ್ತದೆ, ನನಗೆ ಅಷ್ಟು ಸಾಕು.

ಮಾತು ತಿರುಗಿಸುವುದರಲ್ಲಿ ನೀವು ಜಾಣೆ. ಭಾನುವಾರ ಸಿರಾಕ್ಕೆ ಹೋಗುತ್ತೇವೆ.

ಬೊಮ್ಮಕ್ಕ

*

ತೋವಿನಕೆರೆ
3 ಆಗಸ್ಟ್ 2024

ಅಕ್ಕ,

ಅಂಚೆಗೆ ಹೊತ್ತಿಲ್ಲ, ಅದಕ್ಕೆ ಹಾಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಜ್ಯೋತಿಗಲ್ಲ, ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ಮಗಳನ್ನು ಕರೆದುಕೊಂಡು ಹೋಗಿ ಎಂದಿರಿ. ಬರುತ್ತೇನೆ. ಸೋಮವಾರವೇ ಬರುತ್ತೇನೆ, ಬೀದಿಯಲ್ಲಿ ನಿಂತು ಒಂದು ಮಾತೂ ಆಡದೆ ಕರೆದುಕೊಂಡು ಬರುತ್ತೇನೆ. ನಮ್ಮ ಮನೆತನದ ಮೇಲೆ ನೀವು ಏನು ಬೇಕಾದರೂ ಹೇಳಿಕೊಳ್ಳಿ. ಬದಲಿಗೆ ಒಂದೇ ಕೇಳುತ್ತೇನೆ, ಅವರಿಗೆ ಆ ಕಷಾಯ ಕುಡಿಸಬೇಡಿ. ಗಂಟಲಿನಲ್ಲಿ ಇಳಿಯದವರಿಗೆ ಬಲವಂತವಾಗಿ ಕುಡಿಸಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ನನ್ನ ಊಹೆ ಸುಳ್ಳಾದರೆ ನಿಮಗೆ ಒಂದು ದಿನ ನಷ್ಟ, ಅಷ್ಟೇ. ನಿಜವಾದರೆ ಏನೆಂದು ಬರೆಯಲು ನನಗೆ ಧೈರ್ಯವಿಲ್ಲ.

ವೇದಾವತಿ

*

ಪಾವಗಡ
6 ಆಗಸ್ಟ್ 2024

ವೇದಾವತಿ,

ನೀನು ಸೋಮವಾರ ಬರಬೇಡ ಅಂತ ಜ್ಯೋತಿಯಿಂದ ಫೋನ್ ಮಾಡಿಸಿದೆನಲ್ಲ, ಕಾರಣ ಈಗ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ ಸಿರಾ ಬಸ್ಸಿಗೆ ಕಾಯುತ್ತಿದ್ದಾಗ ಹಾಲೇಶ ಓಡಿ ಬಂದು ನಿನ್ನ ಕಾಗದ ಕೊಟ್ಟ. ಒಡೆಯಲಿಲ್ಲ. ಇನ್ನೂ ಏನು ಮಾತು ತಿರುಗಿಸಿದ್ದಾಳೋ ಅಂತ ಕುಪ್ಪಸದೊಳಗೆ ಇಟ್ಟುಕೊಂಡೆ.

ಅಲ್ಲಿ ಆಕೆ ಹಿತ್ತಾಳೆ ಚೊಂಬಿನಲ್ಲಿ ಕಷಾಯ ತಂದಳು. "ಒಂದೇ ಗುಕ್ಕಿಗೆ ಕುಡೀಬೇಕು" ಅಂದಳು. ಇವರು ನನ್ನ ಮುಖ ನೋಡಿದರು. "ಬ್ಯಾಡ ಕಣೆ ಬೊಮ್ಮಿ" ಅಂದರು. ಮದ್ದು ತಿಂದವರು ಹಾಗೇ ಅನ್ನುತ್ತಾರೆ ಅಂತ ನನಗೆ ಹೇಳಿದ್ದರು. ನಾನೇ ಚೊಂಬು ಹಿಡಿದೆ.

ಬಾಯಿಗೆ ಬಿಟ್ಟದ್ದು ಒಳಗೆ ಹೋಗಲಿಲ್ಲ. ಒಂದು ಗಳಿಗೆ ನಿಂತು ಅಷ್ಟೂ ಬಾಯಿಂದ, ಮೂಗಿನಿಂದ ವಾಪಸ್ಸು ಬಂತು. ಕಣ್ಣು ಮೇಲಾಯಿತು. "ನೋಡಮ್ಮ, ಮದ್ದು ಒಳಗಿಂದ ತಳ್ತಾ ಐತೆ, ಇನ್ನೊಂದು ಚೊಂಬು ಕುಡ್ಸು" ಅಂದಳು ಆಕೆ. ಮುದ್ದೆ ನುಂಗುವುದನ್ನು ಕಣ್ಣಿಂದ ನೋಡಿ ಎಷ್ಟು ದಿನವಾಯಿತು ಅಂತ ನೀನು ಕೇಳಿದ್ದು ಆಗ ನನ್ನ ಕಿವಿಯಲ್ಲೇ ಕೂತಂತೆ ಕೇಳಿತು. ಚೊಂಬನ್ನು ಅಲ್ಲೇ ಇಟ್ಟು, ಇವರ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ.

ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಸಾಬರು ಸಾಸರಿನಲ್ಲಿ ಟೀ ಆರಿಸಿ ಕೊಟ್ಟರು. ಅರ್ಧ ಸಾಸರು ಕುಡಿಯಲು ಇವರು ಎಷ್ಟು ಹೊತ್ತು ತೆಗೆದುಕೊಂಡರು ಅಂತೀಯ. ಸಾಬರು ನೋಡುತ್ತಲೇ ಇದ್ದು, "ಯಜಮಾನ್ರಿಗೆ ನುಂಗಕ್ಕೆ ಆಗ್ತಿಲ್ಲ ಅಮ್ಮಾ. ಜಲ್ದಿ ಡಾಕ್ಟರ್‌ಗೆ ತೋರ್ಸಿ" ಅಂದರು. ಯಾರೋ ದಾರಿಯಲ್ಲಿ ಕೂತವರಿಗೆ ಅರ್ಧ ಸಾಸರಿನಲ್ಲಿ ತಿಳಿಯಿತು. ಆಗ ನಿನ್ನ ಕಾಗದ ಒಡೆದು ಓದಿದೆ.

"ಯಾವಾಗಿಂದ?" ಅಂತ ಕೇಳಿದೆ.

"ಯುಗಾದಿ ಹೋಳಿಗೆಯಿಂದ."

"ದಿನಾ ಇಟ್ಟ ಮುದ್ದೆ?"

"ಹಸೀಗೆ."

ಎರಡು ಮುದ್ದೆ, ನಾಲ್ಕು ತಿಂಗಳು. ಹಸು ದುಂಡಗಾಗಿದೆ ಅಂತ ನಿನಗೆ ಹೆಮ್ಮೆಯಿಂದ ಬರೆದಿದ್ದೆನಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ಅಪ್ಪ ಹಿಂಗೇ ಗಂಟ್ಲು ಕಟ್ಟಿ ಹೋಗಿದ್ದು. ಹೇಳಿದ್ರೆ ನೀನು ಅವತ್ತಿಂದ್ಲೇ ಅಳಕ್ಕೆ ಕೂತ್ಕತಿದ್ದೆ. ಮುದ್ದೆ ನುಂಗಕ್ಕಾಗ್ದ ಗಂಡ್ಸು ಅಂತ ಊರಲ್ಲಿ ಹೆಸ್ರು ಬ್ಯಾರೆ." ಸಾಸರು ಕೆಳಗಿಟ್ಟು ಅಂದರು, "ಹುಡ್ಗಿ ಒಂದ್ ದಿನ ನೋಡ್ಬುಟ್ಲು. ನನ್ನ ತಲೆ ಮ್ಯಾಲೆ ಕೈ ಇಡಿಸ್ಕಂಡು ಆಣೆ ಮಾಡ್ಸಿದೀನಿ. ಅವ್ಳನ್ನ ಬಯ್ಬ್ಯಾಡ."

ನಾಳೆ ಮಧುಗಿರಿಯ ಡಾಕ್ಟರ ಹತ್ತಿರ ಹೋಗುತ್ತೇವೆ. ಹಣ್ಣು ಇನ್ನೂ ಇದ್ದರೆ ಕಳಿಸು.

ಬೊಮ್ಮಕ್ಕ

*

ತೋವಿನಕೆರೆ
11 ಆಗಸ್ಟ್ 2024

ಅಕ್ಕ,

ಹನ್ನೆರಡು ಹಣ್ಣು ಕಳಿಸಿದ್ದೇನೆ. ಒಂದೇ ದಿನ ಮಾಗದಿರಲೆಂದು ನಾಲ್ಕನ್ನು ಇವತ್ತು ಬೆಳಿಗ್ಗೆಯಷ್ಟೇ ಕಿತ್ತಿದ್ದೇನೆ, ಗಟ್ಟಿ ಇವೆ ಎಂದು ಅನುಮಾನ ಪಡಬೇಡಿ.

ಅವರಿಗೆ ಮಾಡುವಾಗ ಜರಡಿಯಲ್ಲಿ ಒತ್ತಿ ತೆಗೆಯಿರಿ, ನಾರು ಉಳಿಯಬಾರದು. ಉಪ್ಪು ಚಿಟಿಕೆ, ನಿಂಬೆರಸ ಎರಡೇ ಹನಿ, ನೀರು ಮಜ್ಜಿಗೆ. ಬೆಂಕಿ ಬೇಡ. ಮತ್ತೆ ಹೇಳುತ್ತೇನೆ, ಬೆಂಕಿ ಬೇಡ.

ಅಜ್ಜಿಯ ವಿಷಯ ನಿಮ್ಮಿಂದ ಮುಚ್ಚಿಟ್ಟದ್ದು ಸರಿಯಲ್ಲ. ನಿಮ್ಮ ಕೋಪಕ್ಕಿಂತ ಅದು ನನ್ನನ್ನು ಹೆಚ್ಚು ಕಾಡಿತು. ನೀವು ಮಗಳನ್ನು ಹಸಿವಿನಲ್ಲಿ ಇಡುತ್ತೀರೆಂದು ನಾನು ನಂಬಿದ್ದೂ ಸರಿಯಲ್ಲ. ಆದರೆ ಒಂದು ಅನುಮಾನ ನನ್ನಲ್ಲಿ ಇನ್ನೂ ಉಳಿದಿದೆ, ಕೇಳದೆ ಇರಲಾರೆ. ನೀವು ನನಗೆ ಬರೆದ ಆ ಮಾತು, ಮದ್ದು ಎಂಬ ಮಾತು, ಜ್ಯೋತಿಯ ಕಿವಿಗೆ ಬಿದ್ದಿದೆಯೇ? ಫೋನಿನಲ್ಲಿ ಅವಳ ದನಿ ಬೇರೆಯಾಗಿದೆ.

ವೇದಾವತಿ

*

ಪಾವಗಡ
9 ಸೆಪ್ಟೆಂಬರ್ 2024

ವೇದಾ,

ಬರೆಯಲು ತಡವಾಯಿತು. ಮಧುಗಿರಿಯವರು ತುಮಕೂರಿಗೆ ಬರೆದುಕೊಟ್ಟರು. ಅಲ್ಲಿ ಬಾಯೊಳಗಿಂದ ಟ್ಯೂಬು ಬಿಟ್ಟು ನೋಡಿದರು. ಗಡ್ಡೆ ಅಲ್ಲವಂತೆ. ಅನ್ನನಾಳದ ತುದಿಯಲ್ಲಿ ಬಿಗಿದುಕೊಂಡಿದೆಯಂತೆ. ಬಲೂನಿನ ಹಾಗಿದ್ದೊಂದನ್ನು ಉಬ್ಬಿಸಿ ಹಿಗ್ಗಿಸಿದ್ದಾರೆ. ಮತ್ತೆ ಬಿಗಿದರೆ ಮತ್ತೆ ಮಾಡಬೇಕಾಗಬಹುದಂತೆ. ಈ ತಿಂಗಳು ಗಂಜಿ, ಮಜ್ಜಿಗೆ, ನಿನ್ನ ಹಣ್ಣು. "ಇಷ್ಟು ದಿನ ಇವರನ್ನು ಹಿಡಿದಿಟ್ಟದ್ದು ಏನು?" ಅಂತ ಡಾಕ್ಟರು ಕೇಳಿದರು. ಸೊಸೆ ಅಂದೆ.

ಮುದ್ದೆ ನಿಂತಿದ್ದಕ್ಕೆ ಹಸು ಮಧ್ಯಾಹ್ನವಾದರೆ ಕೂಗುತ್ತದೆ. ನರಸಮ್ಮ, "ಹಸೀಗೇನಾಯ್ತಕ್ಕ?" ಅಂತ ಕೇಳಿದಳು. "ಅದಕ್ಕೆ ಯಾರೋ ಮದ್ದು ಹಾಕ್ಬುಟ್ಟವ್ರೆ ಕಣಮ್ಮ" ಅಂದೆ. ಆಮೇಲೆ ಅವಳು ಬಂದಿಲ್ಲ.

ನೀನು ಕೇಳಿದ್ದು. ಜ್ಯೋತಿಗೆ ನಾನು ಹೇಳಿರಲಿಲ್ಲ. ಹೇಳದಿದ್ದರೂ ಅವಳಿಗೆ ತಿಳಿದಿತ್ತು. ಕಿಟಕಿಯ ಬೀಜ ಹೋದ ದಿನವೇ ತಿಳಿದಿತ್ತಂತೆ. ತಿಳಿದ ಮೇಲೂ ದಿನಾ ಹನ್ನೊಂದು ಗಂಟೆಗೆ ಒರಳಿನ ಮುಂದೆ ಕೂತಿದ್ದಾಳೆ. ಆ ಬೀಜಕ್ಕಾಗಿ ತಿಪ್ಪೆಯನ್ನೆಲ್ಲ ಕೆದಕಿದೆ, ಸಿಗಲಿಲ್ಲ.

ನಿನ್ನೆ ನಾನೇ ಮಾಡಿದೆ. ಹೆಬ್ಬೆರಳಿಟ್ಟು ನೋಡಿ, ಸುತ್ತ ಕೊಯ್ದು, ತಿರುಚಿ, ಜರಡಿಯಲ್ಲಿ ಒತ್ತಿ. ಬಟ್ಟಲು ಹಿಡಿದು ಹಿತ್ತಲಿಗೆ ಹೋದೆ. ಜೊತೆಗೆ ಬಂದ ಜ್ಯೋತಿ ಅಭ್ಯಾಸಬಲದಿಂದ ಚಮಚ ತೆಗೆದು ತನ್ನ ಬಾಯಿಗೆ ಒಯ್ದಳು. ನಾನು ಅವಳ ಕೈ ಹಿಡಿದುಕೊಂಡೆ. "ಬ್ಯಾಡ ಕಣವ್ವ. ಈ ಮನೇಲಿ ನೀನು ತಿಂದು ತೋರ್ಸ್‌ಬ್ಯಾಡ" ಅಂದೆ. ಅವಳು ಚಮಚವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಬಂದು ನಾಲ್ಕು ದಿನ ಇದ್ದು ಹೋಗು, ನಿನಗಾದರೂ ಹೇಳಿಯಾಳು.

ಕಟ್ಟೆಯ ಮೇಲೆ ಇವರು ಕೂತಿದ್ದರು. ಕೊಟ್ಟು ಒಳಗೆ ಬರಲಿಲ್ಲ ನಾನು. ಎದುರಿಗೆ ನೆಲದ ಮೇಲೆ ಕೂತೆ, ಗಂಟಲನ್ನೇ ನೋಡುತ್ತಾ. "ಹಿಂಗ್ಯಾಕೆ ನೋಡ್ತೀಯ, ನಾಚ್ಕೆಯಾಗ್ತದೆ" ಅಂದರು. ನೋಡುತ್ತಲೇ ಇದ್ದೆ. ಮೂರು ಚಮಚ ಇಳಿಯಿತು. ನಾಲ್ಕನೆಯದೂ ಇಳಿಯಿತು.

ಒಗ್ಗರಣೆ ಹಾಕಿರಲಿಲ್ಲ.

ಬೊಮ್ಮಕ್ಕ